ಅಂಗಳದ ಶಂಕು, ಅಡುಗೆಮನೆಯ ಅರಿಶಿನ

ಐದಾರು ವರ್ಷದ ಮಗುವೊಂದು ತನ್ನ ಓರಗೆಯವರಿಗಿಂತ ಮುಂಚೆಯೇ ಅಕ್ಷರ ಕಲಿತು, ಎಣಿಕೆಯಲ್ಲಿ ಚುರುಕಾಗಿ, ಹಗಲೆಲ್ಲ ಇದೇಕೆ ಹೀಗೆ, ಅದೇಕೆ ಹಾಗೆ ಎಂದು ಹಿರಿಯರ ಬೆನ್ನು ಹತ್ತಿ ತಿರುಗುವುದನ್ನು ಕಂಡಾಗ, ತಂದೆತಾಯಿಗಳ ಮನಸ್ಸಿನಲ್ಲಿ ಹರ್ಷದ ಜೊತೆಗೇ ಒಂದು ಬಗೆಯ ಕಳವಳವೂ ಮೂಡುವುದು ಸ್ವಾಭಾವಿಕ. ಇಂತಹ ಬುದ್ಧಿಗೆ ತಕ್ಕ ಸಾಮಗ್ರಿಯನ್ನು ಒದಗಿಸುವ ಸಾಮರ್ಥ್ಯ ತಮ್ಮ ಸಂಬಳಕ್ಕೆ ಇಲ್ಲವಲ್ಲ ಎಂದು ಕೆಲವರು ಕೊರಗುತ್ತಾರೆ. ಇನ್ನು ಕೆಲವರು ಮೇಲಿನ ತರಗತಿಯ ಪುಸ್ತಕಗಳನ್ನು ತಂದು, ಒಂದನೆಯ ತರಗತಿಯ ಮಗುವಿಗೆ ಮೂರನೆಯ ತರಗತಿಯ ಗುಣಾಕಾರವನ್ನು ಬಾಯಿಪಾಠ ಮಾಡಿಸಿ ಸಮಾಧಾನ ಪಡುತ್ತಾರೆ. ಈ ಎರಡು ಮಾರ್ಗಗಳಲ್ಲಿಯೂ ಮಗುವಿಗೆ ದೊರೆಯಬೇಕಾದುದು ದೊರೆಯದೆ ಹೋಗುತ್ತದೆ. ಏಕೆಂದರೆ ಕುಶಾಗ್ರಬುದ್ಧಿಯ ಮಗು ತನ್ನ ಕಣ್ಣೆದುರಿನ ಒಂದು ವಸ್ತುವಿನಲ್ಲಿ ಎಷ್ಟು ಆಳಕ್ಕೆ ಇಳಿಯಬಲ್ಲದೋ ಅಷ್ಟು ಆಳಕ್ಕೆ ಅದನ್ನು ಕರೆದೊಯ್ಯುವುದೇ ಅದಕ್ಕೆ ಸಲ್ಲತಕ್ಕ ಶಿಕ್ಷಣ. ಮತ್ತು ಅಷ್ಟು ಆಳವುಳ್ಳ ವಸ್ತುಗಳು ಅಂಗಳದಲ್ಲಿಯೂ ಅಡುಗೆಮನೆಯಲ್ಲಿಯೂ ಕಾಸಿನ ಖರ್ಚಿಲ್ಲದೆ ಬಿದ್ದಿವೆ ಎಂಬುದನ್ನು ಈ ಅಧ್ಯಾಯದಲ್ಲಿ ಕೆಲವು ದೃಷ್ಟಾಂತಗಳಿಂದ ತೋರಿಸಬಯಸುತ್ತೇನೆ.

ಬಡತನವು ವಿಜ್ಞಾನದ ಬಾಗಿಲನ್ನು ಮುಚ್ಚಲಾರದು ಎಂಬ ಮಾತಿಗೆ ಚರಿತ್ರೆಯಲ್ಲಿ ಆಧಾರವುಂಟು. ಎರಡನೆಯ ಮಹಾಯುದ್ಧದಲ್ಲಿ ಶಾಲೆಗಳೂ ಉಪಕರಣಗಳೂ ನಾಶವಾಗಿಹೋದ ದೇಶಗಳ ಉಪಾಧ್ಯಾಯರಿಗಾಗಿ ಯುನೆಸ್ಕೋ ಸಂಸ್ಥೆಯು ಒಂದು ಕಿರುಹೊತ್ತಗೆಯನ್ನು ಸಿದ್ಧಪಡಿಸಿತು. ಅದೇ ಬೆಳೆದು 1956ರಲ್ಲಿ ವಿಜ್ಞಾನ ಬೋಧನೆಯ ಒಂದು ದೊಡ್ಡ ಆಕರಗ್ರಂಥವಾಗಿ ಹೊರಬಂದಿತು. ಖಾಲಿ ಡಬ್ಬಿ, ಶೀಶೆ, ದಾರ, ಮೇಣದ ಬತ್ತಿ ಮೊದಲಾದ ಅತಿ ಸಾಮಾನ್ಯ ಪದಾರ್ಥಗಳಿಂದ ಭೌತಶಾಸ್ತ್ರದ ಮೂಲತತ್ತ್ವಗಳನ್ನು ತೋರಿಸಬಹುದೆಂದು ಅದು ಜಗತ್ತಿಗೆ ತಿಳಿಸಿತು. ನಮ್ಮಲ್ಲಿಯೂ ಅದಕ್ಕೆ ಎರಡು ದಶಕಗಳ ಮೊದಲೇ, 1936ರಲ್ಲಿ, ಶಿವರಾಮ ಕಾರಂತರು 'ಬಾಲಪ್ರಪಂಚ'ದ ಮೂರು ಸಂಪುಟಗಳ ಮೂಲಕ, ಲೋಕದ ಜ್ಞಾನವನ್ನು ಕನ್ನಡದ ಮಗುವಿಗೆ ಅದರ ತಾಯ್ನುಡಿಯಲ್ಲೇ ಒದಗಿಸುವ ಸಾಹಸ ಮಾಡಿದ್ದರು. ಈಚಿನ ಕಾಲದಲ್ಲಿ ಅರವಿಂದ ಗುಪ್ತರು ಬೆಂಕಿಕಡ್ಡಿಗಳನ್ನೂ ಸೈಕಲ್ಲಿನ ವಾಲ್ವ್ ಟ್ಯೂಬಿನ ಚೂರುಗಳನ್ನೂ ಜೋಡಿಸಿ ರೇಖಾಗಣಿತದ ಆಕೃತಿಗಳನ್ನು ಮಕ್ಕಳ ಕೈಯಿಂದಲೇ ಕಟ್ಟಿಸಿದುದು ಅನೇಕರಿಗೆ ತಿಳಿದ ಸಂಗತಿ.

ಚಟುವಟಿಕೆಗಳನ್ನು ವಿವರಿಸುವ ಮೊದಲು, ಅವೆಲ್ಲಕ್ಕೂ ಸಮಾನವಾದ ಒಂದು ಕ್ರಮವನ್ನು ಹೇಳಿಬಿಡುವುದು ಲೇಸು. ಯಾವ ಪ್ರಯೋಗವನ್ನೇ ಆಗಲಿ ತೊಡಗುವ ಮೊದಲು ಮಗುವನ್ನು "ಏನಾಗಬಹುದು ಅನ್ನಿಸುತ್ತದೆ ನಿನಗೆ?" ಎಂದು ಕೇಳಬೇಕು, ಅದರ ಊಹೆಯನ್ನು, ಅದು ಎಷ್ಟೇ ವಿಚಿತ್ರವಾಗಿರಲಿ, ತಿದ್ದದೆ ಒಂದು ನೋಟುಪುಸ್ತಕದಲ್ಲಿ ಬರೆದಿಡಬೇಕು, ಆಮೇಲೆ ಪ್ರಯೋಗ ಮಾಡಿ, ಕಂಡುದನ್ನು ಅದರ ಪಕ್ಕದಲ್ಲಿ ಬರೆಯಬೇಕು. ಇನ್ನೂ ಬರೆಯಲು ಬಾರದ ಮಗು ಚಿತ್ರ ಬಿಡಿಸಲಿ. ಊಹೆಯೂ ಫಲವೂ ಒಂದೇ ಪುಟದಲ್ಲಿ ಎದುರುಬದುರಾಗಿ ನಿಂತಾಗ, ಲೋಕವು ನಮ್ಮ ಇಷ್ಟಕ್ಕೆ ತಕ್ಕಂತೆ ನಡೆಯದೆ ತನ್ನದೇ ನಿಯಮಗಳಿಗೆ ಅನುಸಾರವಾಗಿ ನಡೆಯುತ್ತದೆ ಎಂಬ ಮಹತ್ತ್ವದ ತಿಳಿವಳಿಕೆಯು, ಯಾರ ಉಪದೇಶವೂ ಇಲ್ಲದೆ, ಮಗುವಿನಲ್ಲಿ ತಾನಾಗಿ ಬೇರೂರುತ್ತದೆ.

ಮೊದಲನೆಯ ದೃಷ್ಟಾಂತವಾಗಿ ಒಂದು ಕೋಲನ್ನು ತೆಗೆದುಕೊಳ್ಳೋಣ. ನಮ್ಮ ಪ್ರಾಚೀನ ಜ್ಯೋತಿಷಿಗಳು ಶಂಕು ಎಂದು ಕರೆದ ಉಪಕರಣವು ನೆಟ್ಟಗೆ ನಿಲ್ಲಿಸಿದ ಇಂತಹ ಒಂದು ಕೋಲಲ್ಲದೆ ಬೇರೇನೂ ಅಲ್ಲ. ಭಾಸ್ಕರಾಚಾರ್ಯರ 'ಲೀಲಾವತಿ'ಯಲ್ಲಿ ನೆರಳಿನ ಲೆಕ್ಕಗಳಿಗೇ ಮೀಸಲಾದ ಒಂದು ಪ್ರಕರಣವುಂಟು. ಸಮತಟ್ಟಾದ ಅಂಗಳದಲ್ಲಿ, ಅಂಗಳವಿಲ್ಲದ ಮನೆಯಾದರೆ ತಾರಸಿಯ ಮೇಲೆ ಮರಳು ತುಂಬಿದ ಡಬ್ಬಿಯಲ್ಲಿ, ನೆಲದಿಂದ ಸರಿಯಾಗಿ ಒಂದು ಮೀಟರು ಎತ್ತರ ಬರುವಂತೆ ಕೋಲನ್ನು ನಿಲ್ಲಿಸಬೇಕು. ಅದು ನೆಟ್ಟಗಿದೆಯೇ ಎಂಬುದನ್ನು ದಾರದ ತುದಿಗೆ ಕಲ್ಲು ಕಟ್ಟಿ ತೂಗುಬಿಟ್ಟು, ಮಗುವೇ ಎರಡು ಕಡೆಯಿಂದ ನೋಡಿ ನಿರ್ಧರಿಸಲಿ. ಕೋಲನ್ನು ಕೇಂದ್ರವಾಗಿಟ್ಟುಕೊಂಡು, ಹಗ್ಗ ಮತ್ತು ಸೀಮೆಸುಣ್ಣದ ಸಹಾಯದಿಂದ ನೆಲದ ಮೇಲೆ ಒಂದು ದೊಡ್ಡ ವೃತ್ತವನ್ನು ಎಳೆಯಬೇಕು. ಬೆಳಗ್ಗೆ ಪಶ್ಚಿಮದ ಕಡೆಗೆ ಉದ್ದವಾಗಿ ಚಾಚಿದ ನೆರಳು ಕ್ರಮಕ್ರಮವಾಗಿ ಕುಗ್ಗುತ್ತ ಬಂದು, ಅದರ ತುದಿಯು ವೃತ್ತವನ್ನು ಮುಟ್ಟಿದಾಗ ಅಲ್ಲೊಂದು ಗುರುತು. ಮಧ್ಯಾಹ್ನ ಕಳೆದು ನೆರಳು ಮತ್ತೆ ಬೆಳೆದು ವೃತ್ತದಿಂದ ಹೊರಬೀಳುವಾಗ ಇನ್ನೊಂದು ಗುರುತು. ಈ ಎರಡು ಗುರುತುಗಳನ್ನು ಸೇರಿಸುವ ಗೆರೆಯೇ ಪೂರ್ವಪಶ್ಚಿಮ ರೇಖೆ. ಅದಕ್ಕೆ ಲಂಬವಾಗಿ ಕೋಲಿನ ಬುಡದಿಂದ ಎಳೆದ ಗೆರೆಯೇ ಉತ್ತರದಕ್ಷಿಣ ರೇಖೆ. ಯಜ್ಞವೇದಿಗಳನ್ನು ಕಟ್ಟುತ್ತಿದ್ದವರು ಶುಲ್ಬಸೂತ್ರಗಳ ಕಾಲದಲ್ಲಿ ದಿಕ್ಕು ಗೊತ್ತುಮಾಡಿದ್ದು ಇದೇ ವಿಧಾನದಿಂದ. ದಿಕ್ಸೂಚಿಯ ನೆರವಿಲ್ಲದೆ ಅದನ್ನು ಮಾಡಿದ ಮಗುವಿಗೆ ಉಂಟಾಗುವ ಸಂತೋಷವು ಅಂಗಡಿಯ ಯಾವ ಆಟಿಕೆಯಿಂದಲೂ ದೊರೆಯುವಂತಹುದಲ್ಲ.

ನೆರಳು ಉತ್ತರದಕ್ಷಿಣ ರೇಖೆಯ ಮೇಲೆ ಬಿದ್ದ ಗಳಿಗೆಯೇ ಆ ಊರಿನ ನಿಜವಾದ ಮಧ್ಯಾಹ್ನ. ಆಗ ಗಡಿಯಾರವನ್ನು ನೋಡಿದ ಮಗು ಹನ್ನೆರಡು ಗಂಟೆ ಕಳೆದುಹೋಗಿರುವುದನ್ನು ಕಂಡು ಖಂಡಿತವಾಗಿ ಪ್ರಶ್ನೆ ಕೇಳುತ್ತದೆ. ಭಾರತದ ಗಡಿಯಾರಗಳೆಲ್ಲವೂ 82.5 ಡಿಗ್ರಿ ಪೂರ್ವ ರೇಖಾಂಶದ ಸೂರ್ಯನನ್ನು ಅನುಸರಿಸುತ್ತವೆ. ಬೆಂಗಳೂರು ಅದಕ್ಕಿಂತ ಸುಮಾರು ಐದು ಡಿಗ್ರಿ ಪಶ್ಚಿಮಕ್ಕಿರುವುದರಿಂದ ಸೂರ್ಯನು ಇಲ್ಲಿಗೆ ಸುಮಾರು ಇಪ್ಪತ್ತು ನಿಮಿಷ ತಡವಾಗಿ ಬರುತ್ತಾನೆ. ಇಷ್ಟೇ ಆಗಿದ್ದರೆ ವರ್ಷವಿಡೀ ಒಂದೇ ವೇಳೆಗೆ ಮಧ್ಯಾಹ್ನವಾಗಬೇಕಿತ್ತು. ಆದರೆ ಭೂಮಿಯ ಕಕ್ಷೆಯು ಪೂರ್ಣವೃತ್ತವಲ್ಲದಿರುವುದರಿಂದಲೂ ಅದರ ಅಕ್ಷವು ಓರೆಯಾಗಿರುವುದರಿಂದಲೂ, ಬೆಂಗಳೂರಿನ ಮಧ್ಯಾಹ್ನವು ನವೆಂಬರ್ ಆರಂಭದಲ್ಲಿ 12 ಗಂಟೆ 3 ನಿಮಿಷದ ಆಸುಪಾಸಿಗೂ ಫೆಬ್ರವರಿಯ ನಡುವಿನಲ್ಲಿ 12 ಗಂಟೆ 34 ನಿಮಿಷದ ಆಸುಪಾಸಿಗೂ ಆಗುತ್ತದೆ. ಈ ಕಾರಣಗಳನ್ನೆಲ್ಲ ಐದು ವರ್ಷದ ಮಗುವಿಗೆ ಹೇಳಬೇಕಾಗಿಲ್ಲ. ಅದು ತಿಂಗಳಿಗೆ ಎರಡು ಸಲ ಅಳೆದು ಬರೆದಿಟ್ಟ ಸಂಖ್ಯೆಗಳು ಪುಸ್ತಕದಲ್ಲಿದ್ದರೆ ಸಾಕು, ಹತ್ತನೆಯ ವಯಸ್ಸಿನಲ್ಲಿ ಅದೇ ಮಗು ಆ ಪುಟಗಳನ್ನು ತೆರೆದು ಕಾರಣವನ್ನು ಹುಡುಕತೊಡಗುತ್ತದೆ.

ನೆರಳಿನ ಉದ್ದದಲ್ಲಿ ಇನ್ನೂ ದೊಡ್ಡ ಸೋಜಿಗವಿದೆ. ಬೆಂಗಳೂರಿನಲ್ಲಿ ಒಂದು ಮೀಟರಿನ ಕೋಲಿನ ಮಧ್ಯಾಹ್ನದ ನೆರಳು ಡಿಸೆಂಬರ್ ಕೊನೆಯ ಭಾಗದಲ್ಲಿ ಉತ್ತರಕ್ಕೆ ಸುಮಾರು 74 ಸೆಂಟಿಮೀಟರು ಚಾಚಿರುತ್ತದೆ. ಮಾರ್ಚ್ 21ರ ಹೊತ್ತಿಗೆ 23 ಸೆಂಟಿಮೀಟರಿಗೆ ಇಳಿಯುತ್ತದೆ. ಏಪ್ರಿಲ್ 24–25ರ ಸುಮಾರಿಗೆ ಸೂರ್ಯನು ನೆತ್ತಿಯ ಮೇಲೆ ನಿಂತು ಕೋಲಿಗೆ ನೆರಳೇ ಇಲ್ಲದಂತಾಗುತ್ತದೆ. ಅಲ್ಲಿಂದ ಮುಂದೆ ನೆರಳು ದಕ್ಷಿಣಕ್ಕೆ ಹೊರಳಿ, ಜೂನ್ 21ರಂದು 18 ಸೆಂಟಿಮೀಟರಿಗಿಂತ ತುಸು ಹೆಚ್ಚಾಗಿ, ಆಗಸ್ಟ್ 18ರ ಸುಮಾರಿಗೆ ಮತ್ತೊಮ್ಮೆ ಮಾಯವಾಗಿ, ಪುನಃ ಉತ್ತರಕ್ಕೆ ತಿರುಗುತ್ತದೆ. ನಡುಹಗಲಿನ ನೆರಳು ಹೀಗೆ ವರ್ಷದಲ್ಲಿ ಎರಡು ಸಲ ದಿಕ್ಕು ಬದಲಿಸುವುದನ್ನು ನೋಡುವ ಭಾಗ್ಯ ಲಂಡನ್ನಿನ ಮಗುವಿಗಾಗಲಿ ದೆಹಲಿಯ ಮಗುವಿಗಾಗಲಿ ಇಲ್ಲ. ಕರ್ಕಾಟಕ ಮತ್ತು ಮಕರ ಸಂಕ್ರಾಂತಿ ವೃತ್ತಗಳ ನಡುವಣ ನಾಡಿನಲ್ಲಿ ಹುಟ್ಟಿದವರಿಗೆ ಮಾತ್ರ ಅದು ಸಲ್ಲುತ್ತದೆ. ಕಲಬುರಗಿಯಲ್ಲಿ ಈ ನೆರಳಿಲ್ಲದ ಗಳಿಗೆಯು ಮೇ ತಿಂಗಳ ಎರಡನೆಯ ವಾರದಲ್ಲಿಯೂ ಆಗಸ್ಟ್ ಮೊದಲ ವಾರದಲ್ಲಿಯೂ ಬರುತ್ತದೆ.

ಬೆಂಗಳೂರಿನ ಮಗುವಿಗೆ ಕಲಬುರಗಿಯಲ್ಲಿ ಸೋದರಮಾವನೋ ಚಿಕ್ಕಮ್ಮನೋ ಇದ್ದರೆ, ಇದೇ ಕೋಲಿನಿಂದ ಭೂಮಿಯನ್ನೇ ಅಳೆಯಬಹುದು. ಮಾರ್ಚ್ 21ರಂದು ಎರಡೂ ಊರುಗಳಲ್ಲಿ ಒಂದೊಂದು ಮೀಟರಿನ ಕೋಲು ನಿಲ್ಲಿಸಿ, ಆಯಾ ಊರಿನ ಮಧ್ಯಾಹ್ನದ ನೆರಳನ್ನು ಅಳೆದರೆ, ಬೆಂಗಳೂರಿನಲ್ಲಿ 23 ಸೆಂಟಿಮೀಟರೂ ಕಲಬುರಗಿಯಲ್ಲಿ 31 ಸೆಂಟಿಮೀಟರೂ ಸಿಕ್ಕುತ್ತದೆ. ಕೋಲನ್ನೂ ನೆರಳನ್ನೂ ಕಾಗದದ ಮೇಲೆ ಹತ್ತರಲ್ಲಿ ಒಂದು ಪಾಲಿನ ಪ್ರಮಾಣದಲ್ಲಿ ಬರೆದು, ಕೋಲಿನ ತುದಿಯಲ್ಲಿ ಉಂಟಾಗುವ ಕೋನವನ್ನು ಕೋನಮಾಪಕದಿಂದ ಅಳೆದರೆ, ಎರಡು ಕೋನಗಳ ವ್ಯತ್ಯಾಸವು ನಾಲ್ಕೂಕಾಲು ಡಿಗ್ರಿಯ ಸುಮಾರಿಗೆ ಬರುತ್ತದೆ. ಕಲಬುರಗಿಯು ಬೆಂಗಳೂರಿನಿಂದ ಹೆಚ್ಚುಕಡಿಮೆ ನೇರ ಉತ್ತರಕ್ಕೆ, ಸುಮಾರು 485 ಕಿಲೋಮೀಟರು ದೂರದಲ್ಲಿದೆ. ನಾಲ್ಕೂಕಾಲು ಡಿಗ್ರಿಗೆ ಇಷ್ಟು ದೂರವಾದರೆ 360 ಡಿಗ್ರಿಗೆ ಎಷ್ಟು ಎಂಬುದು ತ್ರೈರಾಶಿಯ ಲೆಕ್ಕ. ಉತ್ತರವು 41 ಸಾವಿರದ ಆಸುಪಾಸಿಗೆ ಬರುವುದು; ಅಳತೆಯಲ್ಲಿ ದೋಷವಾದರೆ ಅದೂ ಹೆಚ್ಚುಕಡಿಮೆಯಾಗುವುದು. ಭೂಮಿಯ ನಿಜವಾದ ಸುತ್ತಳತೆ ಸುಮಾರು 40 ಸಾವಿರ ಕಿಲೋಮೀಟರು. ಕ್ರಿಸ್ತಪೂರ್ವ ಮೂರನೆಯ ಶತಮಾನದಲ್ಲಿ ಎರಟೋಸ್ತನೀಸನು ಅಲೆಕ್ಸಾಂಡ್ರಿಯದ ನೆರಳನ್ನೂ ದಕ್ಷಿಣದ ಸಯೀನಿ ಪಟ್ಟಣದ ನೆರಳಿಲ್ಲದ ಮಧ್ಯಾಹ್ನವನ್ನೂ ಹೋಲಿಸಿ ಮಾಡಿದ ಗಣನೆ ಇದೇ. ಆ ಮಹಾಕಾರ್ಯವನ್ನು ಎರಡು ಕೋಲು, ಒಂದು ದೂರವಾಣಿ ಕರೆ ಇವಿಷ್ಟರಿಂದ ಪುನಃ ಮಾಡಬಹುದೆಂದರೆ ಮಗುವಿಗೆ ಪ್ರಾಚೀನರೊಡನೆ ಎಂತಹ ನಂಟು ಬೆಳೆಯುವುದು!

ಇನ್ನು ಅಡುಗೆಮನೆಗೆ ಬರೋಣ. ಹಸೆಯ ಮೇಲೆ ಕುಳಿತವರಿಗೆ ಎತ್ತುವ ಆರತಿಯ ಕೆಂಪು ನೀರು ಅರಿಶಿನಕ್ಕೆ ಸುಣ್ಣ ಬೆರೆಸಿದುದರಿಂದ ಆದುದೆಂಬುದನ್ನು ನಮ್ಮ ಮನೆಯ ಹೆಂಗಸರೆಲ್ಲರೂ ಬಲ್ಲರು. ಅರಿಶಿನದ ಕಲೆ ಹತ್ತಿದ ಬಟ್ಟೆಗೆ ಸಾಬೂನು ತಾಗಿಸಿದೊಡನೆ ಅದು ಕೆಂಪಾಗುವುದೂ ಅವರಿಗೆ ಗೊತ್ತು. ಆದರೆ ಈ ಎರಡು ಸಂಗತಿಗಳೂ ಒಂದೇ ನಿಯಮದ ಎರಡು ಮುಖಗಳೆಂಬುದನ್ನು ಮಗು ತಾನೇ ಕಂಡುಕೊಳ್ಳಬೇಕು. ಅರಿಶಿನವನ್ನು ಸ್ವಲ್ಪ ನೀರಿನಲ್ಲಿ ಕಲಸಿ, ಬಿಳಿಯ ಕಾಗದಕ್ಕೆ ಬಳಿದು ಒಣಗಿಸಿ, ಬೆರಳಗಲದ ಪಟ್ಟಿಗಳಾಗಿ ಕತ್ತರಿಸಿಕೊಳ್ಳಬೇಕು. ನಿಂಬೆರಸ, ಹುಣಿಸೆಹುಳಿ, ಮಜ್ಜಿಗೆ, ಬರಿಯ ನೀರು, ಸಾಬೂನಿನ ನೀರು, ವಾಷಿಂಗ್ ಸೋಡಾದ ನೀರು, ಸುಣ್ಣದ ತಿಳಿ ಇವುಗಳನ್ನು ಸಾಲಾಗಿ ಬಟ್ಟಲುಗಳಲ್ಲಿಟ್ಟು, ಒಂದೊಂದಕ್ಕೂ ಒಂದೊಂದು ಪಟ್ಟಿಯನ್ನು ಅದ್ದಿದರೆ, ಮೊದಲಿನ ನಾಲ್ಕರಲ್ಲಿ ಹಳದಿ ಹಳದಿಯಾಗಿಯೇ ಉಳಿದು ಕೊನೆಯ ಮೂರರಲ್ಲಿ ಕೆಂಪಾಗುವುದು. ಕೆಂಪಾದ ಪಟ್ಟಿಯ ಮೇಲೆ ನಿಂಬೆರಸ ಹಿಂಡಿದರೆ ಹಳದಿ ಮರಳಿ ಬರುವುದು. ಕ್ಷಾರವನ್ನು ಆಮ್ಲವು ತಟಸ್ಥಗೊಳಿಸುವ ಕ್ರಿಯೆಯನ್ನು ಮಗು ಈಗ ಆ ಹೆಸರುಗಳನ್ನು ಕೇಳುವ ಮೊದಲೇ ಕಂಡಿದೆ.

ಇಲ್ಲಿಗೆ ನಿಲ್ಲಿಸಿದರೆ ಇದು ಒಂದು ಚಮತ್ಕಾರವಾಗಿ ಮುಗಿದುಹೋಗುತ್ತದೆ; ಚುರುಕಾದ ಮಗುವಿಗೆ ಮುಂದಿನ ಮೆಟ್ಟಿಲು ಬೇಕು. ಮಜ್ಜಿಗೆಗೂ ನೀರಿಗೂ ಅರಿಶಿನವು ಒಂದೇ ಉತ್ತರ ಕೊಟ್ಟಿತಲ್ಲ, ಹಾಗಾದರೆ ಎರಡೂ ಒಂದೆಯೇ ಎಂದು ಕೇಳಿದರೆ, ನಾಲಗೆಯ ಮೇಲಿನ ಹುಳಿಯನ್ನು ನೆನೆದು ಮಗು ಅಲ್ಲವೆನ್ನುವುದು. ಆಗ ಹಿತ್ತಲಿನ ಕೆಂಪು ದಾಸವಾಳದ ಎಸಳುಗಳನ್ನು ಬಿಸಿನೀರಿನಲ್ಲಿ ನೆನೆಸಿ, ಅದರ ಬಣ್ಣದ ನೀರನ್ನು ಎರಡಕ್ಕೂ ಕೆಲವು ಹನಿ ಬಿಡಬೇಕು. ಹುಳಿಯುಳ್ಳದ್ದು ಹೊಳೆಯುವ ಗುಲಾಬಿಗೆಂಪಾಗುವುದು, ನೀರು ಹಾಗಾಗದು. ಸೋಡಾದ ನೀರಂತೂ ಹಸಿರಿಗೆ ತಿರುಗುವುದು. ಅರಿಶಿನವು ಕ್ಷಾರವನ್ನು ಮಾತ್ರ ಗುರುತಿಸಿದರೆ ದಾಸವಾಳವು ಎರಡನ್ನೂ ಗುರುತಿಸುತ್ತದೆ. ಒಂದು ಪರೀಕ್ಷೆಯ ಮೌನವನ್ನು ಉತ್ತರವೆಂದು ಭ್ರಮಿಸಬಾರದು, ಪ್ರತಿಯೊಂದು ಸಾಧನಕ್ಕೂ ಅದರದೇ ಮಿತಿಯುಂಟು ಎಂಬ ಈ ವಿವೇಕವನ್ನು ದೊಡ್ಡ ದೊಡ್ಡ ಪ್ರಯೋಗಾಲಯಗಳಲ್ಲಿ ದುಡಿಯುವವರೂ ಮತ್ತೆ ಮತ್ತೆ ನೆನೆಸಿಕೊಳ್ಳಬೇಕಾಗುತ್ತದೆ.

ಮನೆಯ ಮುಂದಿನ ರಂಗೋಲಿಯು ಗಣಿತದ ಒಂದು ಅಕ್ಷಯವಾದ ಗಣಿ. ಏಳರಿಂದ ಒಂದರವರೆಗಿನ ನೇರ ಚುಕ್ಕಿಯನ್ನು ಇಡುವಾಗ, ಮೇಲಿನಿಂದ ಕೆಳಗೆ 1, 3, 5, 7, 5, 3, 1 ಎಂದು ಒಟ್ಟು 25 ಚುಕ್ಕಿಗಳಾಗುತ್ತವೆ. ಮಗು ಮೊದಲು ಎಣಿಸಲಿ. ಆಮೇಲೆ ತಲೆಯನ್ನು ಓರೆಮಾಡಿ ನೋಡಲಿ. ಆ ವಜ್ರಾಕೃತಿಯೊಳಗೆ ನಾಲ್ಕು ನಾಲ್ಕರ ಒಂದು ಚೌಕವೂ, ಅದರ ಸಂದುಗಳಲ್ಲಿ ಮೂರು ಮೂರರ ಇನ್ನೊಂದು ಚೌಕವೂ ಹೆಣೆದುಕೊಂಡಿರುವುದು ಕಾಣುವುದು; 16ಕ್ಕೆ 9 ಸೇರಿ 25. ಐದರಿಂದ ಒಂದರವರೆಗೆ ಇಟ್ಟರೆ 9ಕ್ಕೆ 4 ಸೇರಿ 13; ಒಂಬತ್ತರಿಂದ ಇಟ್ಟರೆ 25ಕ್ಕೆ 16 ಸೇರಿ 41. ಎರಡು ಬಣ್ಣದ ಪುಡಿಯಿಂದ ಆ ಎರಡು ಚೌಕಗಳನ್ನು ಬೇರೆಬೇರೆಯಾಗಿ ತೋರಿಸಿದರೆ, 1, 3, 5, 7 ಎಂಬ ಬೆಸಸಂಖ್ಯೆಗಳನ್ನು ಕೂಡಿಸುತ್ತ ಹೋದಂತೆ ವರ್ಗಸಂಖ್ಯೆಗಳೇ ಏಕೆ ಬರುತ್ತವೆ ಎಂಬುದಕ್ಕೆ ಬೀಜಗಣಿತದ ನೆರವು ಬೇಕಾಗದು.

ಸಂದುಚುಕ್ಕಿಯ ರಂಗೋಲಿಯಲ್ಲಿ ಇದಕ್ಕಿಂತ ಗೂಢವಾದ ರಹಸ್ಯವೊಂದು ಅಡಗಿದೆ. ಮೂರರಿಂದ ಎರಡರವರೆಗೆ ಇಟ್ಟರೆ 2, 3, 2 ಸೇರಿ 7 ಚುಕ್ಕಿ; ಐದರಿಂದ ಮೂರರವರೆಗೆ 19; ಏಳರಿಂದ ನಾಲ್ಕರವರೆಗೆ 37. ನಟ್ಟನಡುವಿನ ಒಂಟಿ ಚುಕ್ಕಿಯಿಂದ ತೊಡಗಿ ಈ ಸಂಖ್ಯೆಗಳನ್ನು ಒಂದೊಂದಾಗಿ ಕೂಡಿಸುತ್ತ ಬನ್ನಿ: 1, 1ಕ್ಕೆ 7 ಸೇರಿ 8, ಅದಕ್ಕೆ 19 ಸೇರಿ 27, ಅದಕ್ಕೆ 37 ಸೇರಿ 64. ಇವು ಒಂದು, ಎರಡು, ಮೂರು, ನಾಲ್ಕರ ಘನಗಳು! ಚಪ್ಪಟೆಯಾದ ಆರು ಮೂಲೆಯ ರಂಗೋಲಿಗೂ ಎತ್ತರವುಳ್ಳ ಘನಾಕೃತಿಗೂ ಎಲ್ಲಿಯ ಸಂಬಂಧ ಎಂದು ಮಗು ಬೆರಗಾದರೆ, ಜೇಡಿಮಣ್ಣಿನಿಂದ ಒಂದೇ ಅಳತೆಯ ಸಣ್ಣ ಸಣ್ಣ ಘನಗಳನ್ನು ಮಾಡಿ ಒಣಗಿಸಲು ಹೇಳಬೇಕು. ಒಂದು ಘನವನ್ನು ಎರಡರ ಘನವಾಗಿ ಬೆಳೆಸಲು ಅದರ ಮೂರು ಮುಖಗಳನ್ನು ಮುಚ್ಚುವಂತೆ 7 ತುಂಡುಗಳು ಬೇಕು. ಅದನ್ನು ಮೂರರ ಘನವಾಗಿ ಬೆಳೆಸಲು 19 ಬೇಕು. ಹೀಗೆ ಕಟ್ಟಿದ ಘನವನ್ನು ಅದರ ಮೂಲೆಯ ನೇರಕ್ಕೆ ಕಣ್ಣಿಟ್ಟು ನೋಡಿದರೆ, ಹೊರಪದರದ ತುಂಡುಗಳು ಸಂದುಚುಕ್ಕಿಯ ಆಕೃತಿಯಲ್ಲಿಯೇ ಹರಡಿಕೊಂಡಿರುವುದು ತೋರುತ್ತದೆ. ಅಜ್ಜಿಯು ದಿನವೂ ಇಡುವ ಚುಕ್ಕಿಗಳಲ್ಲಿ ಇಷ್ಟು ಗಣಿತವಿದೆಯೆಂದು ತಿಳಿದ ಮಗುವಿಗೆ ಅಜ್ಜಿಯ ಮೇಲೂ ಗಣಿತದ ಮೇಲೂ ಗೌರವ ಹೆಚ್ಚುವುದರಲ್ಲಿ ಸಂದೇಹವಿಲ್ಲ.

ಉಳಿದ ಕೆಲವನ್ನು ಸಂಕ್ಷೇಪವಾಗಿ ಹೇಳಬಹುದು. ದಾರಕ್ಕೆ ಕಲ್ಲು ಕಟ್ಟಿ ತೂಗಾಡಿಸಿದರೆ, 25 ಸೆಂಟಿಮೀಟರಿನ ದಾರಕ್ಕೆ ಹೋಗಿಬರಲು ಒಂದು ಸೆಕೆಂಡೂ, ಒಂದು ಮೀಟರಿನದಕ್ಕೆ ಎರಡು ಸೆಕೆಂಡೂ ಹಿಡಿಯುವುದು. ಕಲ್ಲಿನ ಭಾರವನ್ನು ಎಷ್ಟು ಹೆಚ್ಚಿಸಿದರೂ ಈ ಕಾಲ ಬದಲಾಗದೆಂಬುದು ಹೆಚ್ಚಿನ ಮಕ್ಕಳ ಊಹೆಯನ್ನು ಕೆಡವುವ ಸಂಗತಿ. ಎರಡು ಕರಟಗಳನ್ನು ಕಡ್ಡಿಗೆ ಕಟ್ಟಿ ತಕ್ಕಡಿ ಮಾಡಿ, 1, 3, 9, 27 ಹುಣಿಸೆಬೀಜಗಳ ನಾಲ್ಕು ಪೊಟ್ಟಣಗಳನ್ನು ಕಟ್ಟಿಕೊಟ್ಟರೆ, ಅವುಗಳನ್ನು ಎರಡೂ ತಟ್ಟೆಗಳಲ್ಲಿ ಇಡುವ ಸ್ವಾತಂತ್ರ್ಯವಿರುವಾಗ 1ರಿಂದ 40ರವರೆಗಿನ ಎಲ್ಲ ತೂಕಗಳನ್ನೂ ತೂಗಬಹುದು. ಐದನ್ನು ತೂಗಲು ಒಂದು ಕಡೆ 9, ಇನ್ನೊಂದು ಕಡೆ ಪದಾರ್ಥದೊಡನೆ 3 ಮತ್ತು 1. ಇದನ್ನು ಹೇಳಿಕೊಡದೆ, ಎರಡನ್ನು ತೂಗುವುದು ಹೇಗೆಂದು ಮಾತ್ರ ಕೇಳಿ ಬಿಟ್ಟರೆ ಮಗು ಒಂದು ವಾರ ಅದರಲ್ಲಿಯೇ ಮುಳುಗಿರಬಲ್ಲದು.

ಈ ಕೆಲಸದಲ್ಲಿ ಹಿರಿಯರ ಪಾತ್ರವೇನೆಂಬುದು ಬಹು ಮುಖ್ಯವಾದ ಪ್ರಶ್ನೆ. ಜಿನೀವಾದ ಜೀನ್ ಪಿಯಾಜೆ ಎಂಬ ಮನೋವಿಜ್ಞಾನಿಯು ಮಕ್ಕಳ ಮುಂದೆ ಎರಡು ಸಮನಾದ ಲೋಟಗಳಲ್ಲಿ ಸಮನಾಗಿ ನೀರು ತುಂಬಿ, ಒಂದರ ನೀರನ್ನು ಎತ್ತರವಾದ ಸಣ್ಣ ಬಾಯಿಯ ಪಾತ್ರೆಗೆ ಸುರಿದು, ಈಗ ಯಾವುದರಲ್ಲಿ ಹೆಚ್ಚು ನೀರಿದೆ ಎಂದು ಕೇಳಿದನು. ಸುಮಾರು ಏಳು ವರ್ಷದೊಳಗಿನ ಹೆಚ್ಚಿನ ಮಕ್ಕಳು, ಸುರಿದುದನ್ನು ಕಣ್ಣಾರೆ ಕಂಡಿದ್ದರೂ, ಎತ್ತರದ ಪಾತ್ರೆಯಲ್ಲಿಯೇ ಹೆಚ್ಚೆಂದವು. ಎಷ್ಟೋ ಲೆಕ್ಕ ಬಲ್ಲ ಜಾಣ ಮಗುವೂ ಇಲ್ಲಿ ಎಡವಬಹುದು. ಆಗ ನಗುವುದಾಗಲಿ ತಿದ್ದುವುದಾಗಲಿ ಸಲ್ಲದು. ಮಗು ಸುರಿದು, ಮರಳಿ ಸುರಿದು, ತಾನೇ ಒಂದು ದಿನ ಉತ್ತರವನ್ನು ಬದಲಿಸುವವರೆಗೆ ಕಾಯುವುದೇ ಹಿರಿಯರ ಕರ್ತವ್ಯ. ಹೊಗಳಿಕೆಯ ವಿಷಯದಲ್ಲಿಯೂ ಎಚ್ಚರ ಬೇಕು. ಕ್ಲಾಡಿಯಾ ಮುಲ್ಲರ್ ಮತ್ತು ಕ್ಯಾರಲ್ ಡ್ವೆಕ್ ಎಂಬ ಅಮೆರಿಕದ ಮನೋವಿಜ್ಞಾನಿಗಳು 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ನೀನು ಬುದ್ಧಿವಂತ ಎಂದು ಹೊಗಳಿಸಿಕೊಂಡ ಮಕ್ಕಳು ಸೋಲನ್ನು ಎದುರಿಸಿದ ಮೇಲೆ ಬೇಗ ಕೈಚೆಲ್ಲಿದರು. ಚೆನ್ನಾಗಿ ಶ್ರಮಪಟ್ಟೆ ಎಂದು ಹೊಗಳಿಸಿಕೊಂಡವರು ಕಷ್ಟದ ಸಮಸ್ಯೆಗಳನ್ನೇ ಬಯಸಿ ಅವುಗಳೊಡನೆ ಸೆಣಸಿದರು. ಜಾಣ ಎಂಬ ಬಿರುದನ್ನು ದಿನವೂ ಹೊರುವ ಮಗುವಿಗೆ ಆ ಬಿರುದನ್ನು ಕಳೆದುಕೊಳ್ಳುವ ಭಯವೂ ಗಂಟುಬೀಳುತ್ತದೆ. ಆದ್ದರಿಂದ ನೋಡಿದುದನ್ನು, ಕಾದುದನ್ನು, ಮತ್ತೊಮ್ಮೆ ಮಾಡಿದುದನ್ನು ಮೆಚ್ಚಬೇಕು.

ಕೆಲವು ಅಪಾಯಗಳನ್ನು ಮಾತ್ರ ಮರೆಯಬಾರದು. ಸುಣ್ಣವು ಕಣ್ಣಿಗೆ ಬಿದ್ದರೆ ದೃಷ್ಟಿಗೇ ಕುತ್ತು. ಆದ್ದರಿಂದ ಸುಣ್ಣದ ತಿಳಿಯನ್ನೂ ಸೋಡಾದ ನೀರನ್ನೂ ದೊಡ್ಡವರೇ ಕೈಯಲ್ಲಿ ಹಿಡಿದಿರಬೇಕು. ನೆರಳನ್ನು ಅಳೆಯುವ ಮಗು ಸೂರ್ಯನನ್ನು ನೇರವಾಗಿ ದಿಟ್ಟಿಸಬಾರದು. ಬೀಜಗಳನ್ನು ಮೂಗಿಗೋ ಬಾಯಿಗೋ ಹಾಕಿಕೊಳ್ಳುವ ವಯಸ್ಸಿನ ತಮ್ಮತಂಗಿಯರಿದ್ದರೆ ಅವನ್ನು ಎತ್ತಿಡಬೇಕು. ಗುಲಗಂಜಿಯಂತೂ ಅಗಿದರೆ ವಿಷ, ನೋಡಲು ಎಷ್ಟೇ ಅಂದವಾಗಿದ್ದರೂ ಅದನ್ನು ಮಕ್ಕಳ ಕೈಗೆ ಕೊಡತಕ್ಕದ್ದಲ್ಲ.

ಇಷ್ಟನ್ನೆಲ್ಲ ಕೂಡಿಸಿ ಲೆಕ್ಕ ಹಾಕಿದರೂ ಇದರ ವೆಚ್ಚವು ಒಂದು ನೋಟುಪುಸ್ತಕ, ಒಂದು ಅಳತೆಪಟ್ಟಿ, ಒಂದು ಕೋನಮಾಪಕದ ಬೆಲೆಯನ್ನು ಮೀರದು. ಹಣಕ್ಕಿಂತ ವಿರಳವಾದ ಇನ್ನೊಂದು ವಸ್ತು ಇಲ್ಲಿ ಖರ್ಚಾಗುವುದನ್ನು ಒಪ್ಪಲೇಬೇಕು: ಅದು ಹಿರಿಯರ ಕಾಲ. ದುಡಿದು ದಣಿದು ಬಂದ ತಂದೆತಾಯಿಗಳಿಗೆ ದಿನವೂ ಇದು ಸಾಧ್ಯವಾಗದಿರಬಹುದು. ಆದರೆ ಈ ಪಟ್ಟಿಯಲ್ಲಿರುವುದನ್ನೆಲ್ಲ ಮಾಡಿಸಬೇಕೆಂಬ ಕಟ್ಟಳೆಯೇನೂ ಇಲ್ಲ. ಒಂದೇ ಒಂದನ್ನು ಆರಿಸಿಕೊಂಡು, ಭಾನುವಾರಕ್ಕೊಮ್ಮೆ ಅರ್ಧ ಗಂಟೆಯಂತೆ, ತಿಂಗಳುಗಟ್ಟಲೆ ಬಿಡದೆ ಹಿಂಬಾಲಿಸಿದರೆ ಸಾಕು. ಹತ್ತು ಪ್ರಯೋಗಗಳನ್ನು ಹತ್ತು ದಿನ ನೋಡಿದ ಮಗುವಿಗೆ ಬೆರಗು ಮಾತ್ರ ಮಿಕ್ಕೀತು. ಒಂದು ಕೋಲಿನ ನೆರಳನ್ನು ವರ್ಷವಿಡೀ ಅಳೆದ ಮಗುವಿಗಾದರೋ, ತನ್ನ ಕೈಯ ಅಳತೆಯಿಂದಲೇ ಸೃಷ್ಟಿಯ ನಿಯಮವೊಂದನ್ನು ಹಿಡಿಯಬಲ್ಲೆನೆಂಬ ಆತ್ಮವಿಶ್ವಾಸವು ಬಾಳಿನುದ್ದಕ್ಕೂ ಉಳಿಯುವುದು, ಮತ್ತು ಆ ವಿಶ್ವಾಸವುಳ್ಳವನು ಮುಂದೆ ಯಾವ ಶಾಲೆಯಲ್ಲಿ ಓದಿದರೂ ಯಾವ ವೃತ್ತಿಯನ್ನು ಹಿಡಿದರೂ, ಕೇಳಿದುದನ್ನೆಲ್ಲ ಕಣ್ಣುಮುಚ್ಚಿ ನಂಬದೆ ಪರೀಕ್ಷಿಸಿ ಒಪ್ಪುವ ಪ್ರಜೆಯಾಗಿ ಬೆಳೆಯುವನು.